ಕೈ ತೊಳೆಯುವಾಗ ತೆಗೆದಿಡಬೇಕು

ಬಾಯಿಯ ಹತ್ತಿರ ತಂದು
ಹಾ ಎಂದು ಉಸಿರು ಬಿಡು.
ಮಂಜು ಕೂತದ್ದೇ ತಿಳಿಯದ ಹಾಗೆ ಹಾರಿದರೆ
ಅದು ಭೂಮಿಯ ಹೊಟ್ಟೆಯದು.
ನಾಲ್ಕೆಣಿಸುವವರೆಗೆ ನಿಂತರೆ
ನಮ್ಮ ಮನೆಯದು.

ಹೀಗನ್ನುತ್ತಿದ್ದಳು ಒಟ್ಟೀಲಿಯೆ, ನನ್ನ ಸೋದರತ್ತೆ,
ಗಬ್ಲೋನ್ಸಿನ ಮೇಲ್ಗೇರಿಯಲ್ಲಿ
ಹನ್ನೊಂದಕ್ಕೇ ಸಾಣೆಯ ಮುಂದೆ ಕೂತವಳು.
ಮರಳು, ಪೊಟ್ಯಾಶು, ಮೂರರಲ್ಲೊಂದು ಪಾಲು ಸೀಸ.
ಸೀಸ ಹೆಚ್ಚಿದಷ್ಟೂ ಹರಳಿಗೆ ಬೆಂಕಿ,
ಬೆಂಕಿ ಹೆಚ್ಚಿದಷ್ಟೂ
ಅವಳ ವಸಡಿನ ಅಂಚಿಗೆ ನೀಲಿ ಗೆರೆ.
ಯಾವ ಕಳ್ಳನೂ ಮುಟ್ಟದ ಸರ ನೋಡು ನನ್ನದು
ಎಂದು ಹಲ್ಲು ತೋರಿಸಿ ನಗುತ್ತಿದ್ದಳು.

ಗಾಜು ಮೆತ್ತನೆಯ ಜಾತಿ.
ಗದರಿದರೆ ಸಿಡಿಯುತ್ತದೆ, ಮುದ್ದು ಮಾಡಿದರೆ
ಚೀಪಿದ ಕಲ್ಲುಸಕ್ಕರೆಯಂತೆ ಅಂಚು ಕಳೆದುಕೊಳ್ಳುತ್ತದೆ.
ಐವತ್ತೆಂಟು ಮುಖ. ಬೆನ್ನಿಗೆ ತಗಡು,
ಈರುಳ್ಳಿಯ ಒಳಪೊರೆಯಷ್ಟು ತೆಳು.
ಪೆಟ್ಟಿಗೆಯ ಮೇಲೆ ಗಾಜು ಎಂದೇ ಬರೆದು ಕಳಿಸುತ್ತಿದ್ದರು.
ಮುಂದೆ ಪೇಟೆಯಲ್ಲಿ
ಯಾರು ಯಾರ ಬೆರಳಿಗೆ ಏನೆಂದು ಹೇಳಿ ತೊಡಿಸಿದರೋ,
ಆ ಸುಳ್ಳಿಗೆ ನಮಗೆ ಕೂಲಿ ಬರಲಿಲ್ಲ.

ನಲವತ್ತಾರರ ಬೇಸಿಗೆ.
ತಲೆಗೆ ಐವತ್ತು ಕಿಲೋ, ಮನೆಯ ಬೀಗದ ಕೈ ಬಾಗಿಲಲ್ಲೇ.
(ಎಂಟು ವರ್ಷದ ಹಿಂದೆ ಇದೇ ಕೇರಿ
ಸೈನ್ಯದ ಲಾರಿಗಳ ಮೇಲೆ ಹೂ ಎರಚಿತ್ತು,
ನಾನೂ ಎರಚಿದ್ದೆ, ಅಪ್ಪನ ಹೆಗಲ ಮೇಲೆ ಕೂತು.
ಅತ್ತೆ ಅದನ್ನು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ.)
ಸಾಲಿನ ಕೊನೆಗೊಂದು ಮೇಜು,
ಮೇಜಿನ ಹಿಂದೆ ಮೀಸೆ ಚಿಗುರುತ್ತಿದ್ದ ಹುಡುಗ,
ಅವನಿಗೆ ದೊಡ್ಡದಾದ ಅವನ ಟೋಪಿ.
ಅತ್ತೆಯ ಬೆರಳು ಹಿಡಿದು ನೋಡಿದ.
ವಜ್ರ, ಅಂದ.

ಗಾಜು, ಅಂದಳು ಅತ್ತೆ.
ಜರ್ಮನ್‌ನಲ್ಲಿ ಒಮ್ಮೆ, ಅವನ ಚೆಕ್ ಮಾತಿನಲ್ಲಿ ಎರಡು ಸಲ.
ಉಸಿರು ಬಿಟ್ಟು ನೋಡಪ್ಪಾ.
ಅವನು ಬಿಡಲಿಲ್ಲ.
ವರ್ಷವರ್ಷವೂ ಗಾಜನ್ನು ವಜ್ರವೆಂದು ಕೊಂಡ ಲೋಕ
ಗಾಜನ್ನು ಗಾಜೆಂದ ದಿನ ನಂಬಲಿಲ್ಲ.

ಉಂಗುರ ಕರವಸ್ತ್ರದೊಳಗೆ ಹೋಯಿತು,
ಕರವಸ್ತ್ರ ಮೇಜಿನ ಡಬ್ಬಕ್ಕಲ್ಲ, ಅವನ ಎದೆಯ ಕಿಸೆಗೆ.
ಅತ್ತೆ ಅದನ್ನು ಕಂಡಳು. ಹೆಜ್ಜೆ ಮುಂದಿಟ್ಟವಳು ಹಿಂದೆ ತಿರುಗಿದಳು.
ಅತ್ತಾಳು, ಇಲ್ಲಾ ಶಪಿಸಿಯಾಳು ಅಂದುಕೊಂಡು
ನಾನು ಅವಳ ಲಂಗದ ನೆರಿಗೆ ಜಗ್ಗಿದೆ.

ಹರಕು ಚೆಕ್‌ನಲ್ಲಿ ಅಂದಳು:
ಅವಳಿಗೆ ಹೇಳು,
ಕೈ ತೊಳೆಯುವಾಗ ತೆಗೆದಿಡಬೇಕು.
ನೀರು ಒಳಗಿಳಿದರೆ ತಗಡು ಕಪ್ಪಾಗುತ್ತದೆ,
ಆಮೇಲೆ ಸತ್ತ ಮೀನಿನ ಕಣ್ಣು.

ಹುಡುಗನ ಕಿವಿ ಕೆಂಪಾಯಿತು.
ಹಿಂದಿನವರು ನಮ್ಮನ್ನು ದೂಡಿದರು.

ಬವೇರಿಯದಲ್ಲಿ, ಸಿಡಿಮದ್ದಿನ ಕಾರ್ಖಾನೆಯ ಪಾಳಿನೊಳಗೆ
ಒಲೆ ಹೂಡಿದಾಗ ಅತ್ತೆ ಮೊದಲು ಕರಗಿಸಿದ್ದು
ಒಡೆದ ಕಿಟಕಿಯ ಚೂರು. ಹಸಿರು ಛಾಯೆಯ ಹರಳು,
ಅಂದಗೇಡಿ. ಅದು ನನ್ನ ಬಳಿ ಇದೆ.
ಐವತ್ತೆಂಟರಲ್ಲಿ ಒಂದು ಮುಖ ಓರೆ.
ಆ ಓರೆಯ ಬಗ್ಗೆ ಅವಳು ಸಾಯುವ ತಿಂಗಳೂ ಗೊಣಗಿದಳು,
ಬಿಟ್ಟುಬಂದ ಮನೆಯ ಬಗ್ಗೆ ಅಷ್ಟು ಗೊಣಗಿರಲಿಲ್ಲ.

ಚಳಿಗಾಲದ ಬೆಳಗು ಬಾಯಿಯ ಹತ್ತಿರ ತಂದು
ಹಾ ಎನ್ನುತ್ತೇನೆ.
ಒಂದು, ಎರಡು, ಮೂರು
ಇನ್ನೂ ಇದೆ.