ಮೊದಲ ನೀರು

ಮೊದಲ ನೀರು ಮೋರಿಗೆ ಹೋಗಬಾರದು.
ಅತ್ತೆ ಹೇಳಿಕೊಟ್ಟದ್ದು ಅದೊಂದೇ.
ಪಾನಪಾತ್ರೆ ಒರೆಸಿದ ಬಟ್ಟೆ, ಪೀಠದ ಬಿಳಿಯ ಚೌಕ,
ಅವುಗಳ ಮೊದಲ ನೀರು ಬೇರಿಗೆ.
ಎರಡನೆಯದಕ್ಕೆ ಸೋಪು, ಮೂರನೆಯದಕ್ಕೆ ನೀಲಿ.
ಚರ್ಚಿನ ಹಿಂದಿನ ಸೀತಾಫಲ ಹಾಗೆ ಬೆಳೆಯಿತು
ಮೂವತ್ತೊಂದು ವರ್ಷ.
ಆ ದ್ರಾಕ್ಷಾರಸ ನಾನು ಕುಡಿದಿಲ್ಲ,
ಗಿಡ ಕುಡಿದಿದೆ.

ಆಷಾಢದ ಗಾಳಿಗೆ ಮಾರಿಕುಪ್ಪಂ ಕಡೆಯಿಂದ
ಸೈನೈಡ್ ದಿಬ್ಬದ ಧೂಳು ಎದ್ದು ಬರುತ್ತದೆ.
ಹಗ್ಗದ ಮೇಲಿನ ಬಿಳಿಯನ್ನು ಒಳಗೆ ತರುವಷ್ಟರಲ್ಲಿ
ಅದು ಬಿಳಿಯಲ್ಲ.
ವಿಭೂತಿ ಬುಧವಾರ ನಮ್ಮೂರಿಗೆ ವರ್ಷಕ್ಕೊಂದೇ ಅಲ್ಲ ಮದಲೇನಮ್ಮ,
ಎಂದು ಫಾದರ್ ಇನ್ನಾಸಪ್ಪ ನಗುತ್ತಿದ್ದರು.

ಆಮೇಲೆ ನಗಲಿಲ್ಲ.
ರಸ್ತೆ ಅಗಲ ಮಾಡುವವರು ಸಮಾಧಿ ಭೂಮಿಯಲ್ಲಿ
ಹನ್ನೆರಡಡಿ ತೆಗೆದುಕೊಂಡರು. ಪರಿಹಾರ ಬಂತು.
ಎಷ್ಟು ಎಂದರೆ ಚೌರಪ್ಪನವರದು ಒಂದು ಲೆಕ್ಕ,
ಧರ್ಮಾಧ್ಯಕ್ಷರ ಕಚೇರಿಯದು ಒಂದು,
ಟಿವಿಯವರದು ಗಂಟೆಗೊಂದು.
ಗಣಿ ಕುಸಿದು ಸತ್ತ ನನ್ನ ಮಾವ
ಎರಡನೇ ಸಲ ಮೇಲೆತ್ತಿಸಿಕೊಂಡು
ಬೇಲಿಯ ಈಚೆಗೆ ಬಂದರು, ಸಿಮೆಂಟು ಚೀಲದಲ್ಲಿ.
ಆ ಚೀಲದ ಲೆಕ್ಕ ಯಾರೂ ಕೇಳಲಿಲ್ಲ.

ಹಣದ ಜಗಳ ಬೇಗ ಮಾತು ಕಲಿಯಿತು.
ಆರರ ಪೂಜೆ ಕನ್ನಡದ್ದು, ಎಂಟರದು ತಮಿಳು.
ಆರರವರು ಫಾದರ್ ಪರ ಎಂದರು, ಎಂಟರವರು ವಿರುದ್ಧ;
ಮುಂದಿನ ವಾರ ಅದಲು ಬದಲು.
ಆರಕ್ಕೆ ನಾನು ಹಚ್ಚಿದ ಮೇಣದಬತ್ತಿಯೇ
ಎಂಟಕ್ಕೂ ಉರಿಯುತ್ತಿತ್ತು.
ಮೊಮ್ಮಗನನ್ನು ತಮಿಳಿನಲ್ಲಿ ಬೈದು
ಪರಲೋಕ ಮಂತ್ರ ಕನ್ನಡದಲ್ಲಿ ಹೇಳುವ ನಾನು
ಎಷ್ಟು ಗಂಟೆಯವಳು?

ಗೇಟಿಗೆ ಎರಡು ಬೀಗ ಬಿತ್ತು, ಅವರದೊಂದು, ಇವರದೊಂದು,
ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಪೇದೆ.
ಪರಮಪ್ರಸಾದದ ಮುಂದಿನ ಕೆಂಪು ದೀಪ
ಎಣ್ಣೆಯಿಲ್ಲದೆ ಮೂರನೆಯ ರಾತ್ರಿ ಆರಿತು.
ಕಿಟಕಿಯಿಂದ ನೋಡಿದೆ. ಪೇದೆಯೂ ನೋಡಿದ.
ಅವನು ಟೋಪಿ ತೆಗೆದ, ಯಾಕೋ.

ಮೈಕು ಹಿಡಿದ ಹುಡುಗ ನನ್ನ ಲೈನ್ ಮನೆಗೇ ಬಂದ.
ಹತ್ತಿರದಿಂದ ಕಂಡವರು ನೀವು, ಹೇಳಿ ಅಮ್ಮಾ.
ನಾನು ಕಂಡದ್ದು ಕಾಲರು.
ಬೆವರಿನ ಗೆರೆ, ಅಮೃತಾಂಜನದ ವಾಸನೆ,
ಎರಡು ಸಲ ತಿರುವಿ ಹೊಲಿದ ತೋಳಿನ ಅಂಚು.
ಒಂದು ಸಲ ಜರಿಯ ಹೊಸ ಪೂಜಾವಸ್ತ್ರ,
ಬೆಲೆಯ ಚೀಟಿ ಇನ್ನೂ ತೂಗುತ್ತಿತ್ತು.
ತೋಳಿನ ವಿಷಯ ಹೇಳಿದೆ.
ಅದನ್ನು ಅವರು ತೋರಿಸಲಿಲ್ಲ.

ಇನ್ನೊಂದಿದೆ.
ನಿಲುವಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ,
ಅಂಕಿಗಳು, ಕೆಳಗೆ ಎರಡು ಸಹಿ.
ಏಳನೇ ತರಗತಿಯವಳು ನಾನು, ಸೊನ್ನೆ ಎಣಿಸಬಲ್ಲೆ.
ಕೈ ಮೊದಲೇ ನೀರಿನಲ್ಲಿತ್ತು
ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.
ಕಾಗದ ಹಾಲಿನ ಕೆನೆಯಂತೆ ಬಿಡಿಸಿಕೊಂಡಿತು,
ಶಾಯಿ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ನೀಲಿ.
ಅದು ಅವರನ್ನು ಬಿಡಿಸುತ್ತಿತ್ತೋ, ಕಟ್ಟಿಹಾಕುತ್ತಿತ್ತೋ,
ಓದುವಷ್ಟು ಹೊತ್ತು ನಾನು ಬಿಡಲಿಲ್ಲ.
ಆ ನೀರು ಬೇರಿಗೋ ಮೋರಿಗೋ
ಅತ್ತೆ ಹೇಳಿಕೊಟ್ಟಿರಲಿಲ್ಲ.
ಬಕೆಟ್ಟು ಹಿಡಿದು ನಿಂತೇ ಇದ್ದೆ, ಕೈ ನೋಯುವವರೆಗೆ.

ವರ್ಗಾವಣೆಯ ಪತ್ರವನ್ನು ಎರಡೂ ಪೂಜೆಯಲ್ಲಿ ಓದಿದರು.
ಹಳೆಯ ಸೂಟ್‌ಕೇಸು, ಒಂದು ಛತ್ರಿ,
ಬಂಗಾರಪೇಟೆಯ ರೈಲು.
ಹೊಸಬರು ಚಿಕ್ಕ ವಯಸ್ಸಿನವರು, ಒಳ್ಳೆಯವರು,
ಬರುವಾಗಲೇ ವಾಷಿಂಗ್ ಮಷೀನ್ ತಂದರು.
ನಿಮ್ಮ ಬೆನ್ನಿಗೆ ಸುಖ ಅಮ್ಮಾ, ಎಂದರು.
ಅದರ ಕೊಳವೆ ನೇರ ಮೋರಿಗೆ.

ಶನಿವಾರ ಸಂಜೆ ಪಾಪನಿವೇದನೆಗೆ ಸಾಲಿನಲ್ಲಿ ನಿಲ್ಲುತ್ತೇನೆ.
ಯಾವ ಭಾಷೆಯಲ್ಲಿ ಶುರು ಮಾಡಲಿ ಎಂದು
ನನ್ನ ಸರದಿ ಬರುವವರೆಗೂ ಯೋಚಿಸಿ,
ಹಿಂದೆ ನಿಂತವಳಿಗೆ
ನೀನು ಹೋಗಮ್ಮ ಎನ್ನುತ್ತೇನೆ.