ಹೊಡೆದುಹಾಕಿದ ಸಾಲು

ಠಾಣೆಯಲ್ಲಿ ನನ್ನ ಹುದ್ದೆಯ ಹೆಸರೇ ರೈಟರ್.
ಹಗಲು ಪಂಚನಾಮೆ, ರಾತ್ರಿ ಕಾದಂಬರಿ;
ಎರಡಕ್ಕೂ ಒಂದೇ ನೀಲಿ ರಿಫಿಲ್ಲು.

ಕೋಡಿಬಾಗದ ಬಾಡಿಗೆ ಕೋಣೆ.
ದೇವಗಡದ ದೀಪ ಗೋಡೆ ಸವರಿ ಸವರಿ ಹೋಗುತ್ತದೆ.
ಏಳನೆಯ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದೇನೆ:
ಮಾಜಾಳಿಯ ಮರಳಲ್ಲಿ ಒಂದು ಹೆಣ,
ಮೂರು ದಿನ ನೀರಲ್ಲಿದ್ದದ್ದು,
ಅಂಗಿ ಮಾತ್ರ ಒಣಗಿದೆ.
ಇಸ್ತ್ರಿಯ ಗೆರೆ ಸಹ ಇದೆ.

ಅಂಗಿ ಯಾಕೆ ಒಣಗಿತ್ತೆಂದು ಹೇಳಿದರೆ
ದೆವ್ವ ಎದ್ದು ಹೋಗುತ್ತದೆ.
ಹೇಳದಿದ್ದರೆ ಪತ್ತೇದಾರ ರಾಜೀನಾಮೆ ಕೊಡುತ್ತಾನೆ.
ಇವನಿಗೆ ಕಾರಣ ಬೇಕು, ಅದಕ್ಕೆ ಕಾರಣ ಅಂದರೆ ಆಗದು;
ಇಬ್ಬರನ್ನೂ ಒಂದೇ ಮನೆಯಲ್ಲಿ ಬಾಡಿಗೆಗಿಟ್ಟು
ಮಾಲೀಕ ನಾನು ಹೊರಗೆ ಕೂತಿದ್ದೇನೆ.

ಹೆದರಿಸುವುದು ಸುಲಭ ಅಂದುಕೊಂಡಿದ್ದೆ:
ಬಾಗಿಲ ಕಿರ್ರ್, ನಾಯಿಯ ಊಳು, ಕರೆಂಟು ಹೋಗುವುದು.
ಕರೆಂಟು ಇಲ್ಲಿ ದಿನಾ ಹೋಗುತ್ತದೆ.
ಯಾರೂ ಹೆದರುವುದಿಲ್ಲ.

ಸೋಮವಾರ ಶೇವಂತಿ ಹರಿಕಂತ್ರ ಬಂದಳು.
ಗಂಡ ಜಟ್ಟಿ, ಪರ್ಸಿನ್ ಬೋಟಿನ ಖಲಾಸಿ,
ಬೈತಖೋಲಿನಿಂದ ಹೋದವ, ಒಂಬತ್ತು ದಿನವಾದರೂ ಇಲ್ಲ.
ಬೆಂಚಿನ ತುದಿಗೆ ಕೂತು, ಸೆರಗಲ್ಲಿ ಕೈ ಒರೆಸಿ
"ಬರ್ಕಳಿ ಒಡೆಯಾ" ಅಂದಳು.
"ನಿನ್ನೆ ರಾತ್ರಿ ಬಂದಿದ್ದ.
ಚಪ್ಪಲಿ ಹೊರಗೆ ಬಿಟ್ಟ. ಊಟ ಕೇಳ್ಲಿಲ್ಲ.
ಗೋಡೆ ಕಡೆ ಮುಖ ಮಾಡಿ ಎಣಿಸ್ತಾ ಕೂತ:
ಒಂದು, ಎರಡು, ಮೂರು, ನಾಲ್ಕು, ಐದು.
ಮತ್ತೆ ಒಂದರಿಂದ.
ಹೆದರಿಕೆ ಆಗಿದ್ದು ಅವ ಬಂದದ್ದಕ್ಕಲ್ಲ.
ಬಂಗಡೆ ಸಾರಿತ್ತು. ಅವ ತಿರುಗಿ ಸಹ ನೋಡ್ಲಿಲ್ಲ."

ಬರೆದೆ.
ಸಾಹೇಬರು ಓದಿ, ಚಹಾ ಲೋಟ ಅದರ ಮೇಲೇ ಇಟ್ಟು,
"ಇದೆಂಥದ್ದು, ಹೊಡೆದುಹಾಕು" ಅಂದರು.
ಹೊಡೆದುಹಾಕಿದೆ.
ಪಕ್ಕಕ್ಕೆ ಸಣ್ಣ ಸಹಿ, ನಿಯಮದಂತೆ.

ಸಂಜೆ ಕಡತ ಕಟ್ಟುವಾಗ
ಬೋಟಿನ ಉಳಿದವರ ಹೇಳಿಕೆ ಕೈಗೆ ಬಂತು.
"ಅಲೆ ಬಂತು, ತಿರುಗಿ ನೋಡುವಷ್ಟರಲ್ಲಿ ಅವನಿರಲಿಲ್ಲ."
ಐದು ಹಾಳೆ, ಐದು ಹೆಬ್ಬೆಟ್ಟು,
ಅಲ್ಪವಿರಾಮ ಸಹ ಅದೇ ಜಾಗದಲ್ಲಿ.
ಐದು ಬಾಯಿಗೆ ಒಂದೇ ಅಲ್ಪವಿರಾಮ ಹೇಗೆ ಬಂತೆಂದು
ನನ್ನ ಪತ್ತೇದಾರನಾದರೆ ಕೇಳುತ್ತಿದ್ದ.

ಅಕ್ಷರ ನನ್ನದು.
ಮೊದಲನೆಯದನ್ನು ಕೇಳಿ ಬರೆದೆ,
ಉಳಿದ ನಾಲ್ಕನ್ನು ನೋಡಿ ಬರೆದೆ.
ಬೋಟಿನ ಧಣಿ ಹೊರಗೆ ಜೀಪಿಗೆ ಒರಗಿ
ಸಾಹೇಬರ ಜೊತೆ ನಗುತ್ತಿದ್ದ. ಊಟದ ಹೊತ್ತಾಗಿತ್ತು.

ಕೊಲೆಗಾರ ಯಾರೆಂದು ಕೊನೆಯ ಪುಟದವರೆಗೆ
ಮುಚ್ಚಿಡುವುದೇ ಕಷ್ಟ ಅನ್ನುತ್ತಾರೆ ಬರೆಯುವವರು.
ನನಗೇನೂ ಕಷ್ಟವಾಗಲಿಲ್ಲ.

ಈಗ ರಾತ್ರಿ ಎರಡೂವರೆ.
ಏಳನೆಯ ಅಧ್ಯಾಯದ ಹೆಣಕ್ಕೆ ಹೆಸರು ಬಂದಿದೆ,
ಅಂಗಿಯ ಪ್ರಶ್ನೆ ಹಾಗೇ ಇದೆ.
ದೀಪ ಗೋಡೆಗೆ ಬಂದು ಹೋಗುತ್ತದೆ.
ಎಣಿಸಬಾರದು ಅಂದುಕೊಂಡರೂ ಎಣಿಸುತ್ತೇನೆ,
ಒಂದು, ಎರಡು, ಮೂರು, ನಾಲ್ಕು, ಐದು.

ಪೆನ್ನು ಹಿಡಿದವನನ್ನು ಅವ
ಲೆಕ್ಕಕ್ಕೆ ಸೇರಿಸಿದ್ದನೋ, ಬಿಟ್ಟಿದ್ದನೋ,
ಶೇವಂತಿಯನ್ನು ಕೇಳಬೇಕು.