ಆ ಕಾಲದ ಲೆಕ್ಕದಲ್ಲಿ

ನೆಲ್ಲಿಕುಂಜೆಯಲ್ಲಿ ಮರಿಯುಮ್ಮನ ಮನೆ.
ಕಳೆದ ಗುರುವಾರ, ಮೊಮ್ಮಗಳು ಇಸ್ತ್ರಿ ಹಾಕುವಾಗ
ಒಳಕೋಣೆಯ ಗೋಡೆ ಒಂದು ಮೊಳ ಕಪ್ಪಾಯಿತು.
ಅಷ್ಟೆ. ಯಾರಿಗೂ ಏನೂ ಆಗಲಿಲ್ಲ.
ಆದರೆ ಅಳಿಯ ಹಂಝನಿಗೆ ಒಂದೇ ಹಟ:
ಹಾಕಿದವ ಕಾನೂನು ಪ್ರಕಾರ ಹಾಕಿದ್ದನೋ, ಇಲ್ಲವೋ?

ಮೈನ್ ಇಳಿಸಿದೆ. ಟೆಸ್ಟರ್ ತಾಗಿಸಿದೆ.
ನಂಬಿಕೆ ಸಾಲದೆ ಇನ್ನೊಮ್ಮೆ ತಾಗಿಸಿ
ತೇಗದ ರೀಪು ಎಬ್ಬಿಸಿದೆ.
ಹಿಂಬದಿಯಲ್ಲಿ ಪೆನ್ಸಿಲು: ಸಾಲ್ವದೋರ್, ೧೯-೮-೫೬.
ನನ್ನ ಮೇಸ್ತ್ರಿ. ಯಾರೂ ನೋಡದ ಕಡೆ
ರುಜು ಹಾಕುವ ಮನುಷ್ಯ.

ಯಾವ ಕಾನೂನು, ಹಂಝ?
ವೈರು ಎಳೆಯುವಾಗ ಇದು ಮದ್ರಾಸು,
ದೀಪ ಹತ್ತುವಾಗ ಕೇರಳ,
ನಡುವೆ ಒಂದು ದೀಪಾವಳಿ.
ಪರೀಕ್ಷೆಯ ಕಾಗದ ಮಂಗಳೂರಿನಿಂದ ಹೊರಟು
ಯಾರ ಮೇಜಿಗೆ ಹೋಗಬೇಕೆಂದು ತಿಳಿಯದೆ
ಯಾವುದೋ ಕಪಾಟಿನಲ್ಲಿ ಗೆದ್ದಲಿಗೆ ಆಯಿತು.
ತಾಮ್ರಕ್ಕೆ ಇದೊಂದೂ ಗೊತ್ತಾಗಲಿಲ್ಲ.

ಕ್ಲಿಪ್ಪು ಮೂರಂಗುಲಕ್ಕೊಂದು, ಎಲ್ಲೂ ತಪ್ಪಿಲ್ಲ.
ಗೋಡೆ ದಾಟುವಲ್ಲಿ ಪಿಂಗಾಣಿ ನಳಿಗೆ.
ಸ್ವಿಚ್ಚು ಫೇಸಿನಲ್ಲೇ ಉಂಟು. ಬೆಸುಗೆ
ಇವತ್ತಿಗೂ ಮೀನಿನ ಕಣ್ಣಿನ ಹಾಗೆ ಹೊಳೆಯುತ್ತದೆ.
ನೂಲಿನ ಹೊದಿಕೆ ಮುಟ್ಟಿದರೆ ಹುಡಿ,
ಒಳಗಿನ ರಬ್ಬರು ಹಪ್ಪಳ;
ಅದು ಪ್ರಾಯ, ತಪ್ಪಲ್ಲ.
ದೀಪಕ್ಕೆ ಅರ್ಥ್ ಎಳೆದಿಲ್ಲ ಎನ್ನುತ್ತೀಯಾ?
ಇಂದಿನ ಪುಸ್ತಕ ಹಿಡಿದು ಅವನನ್ನು ನಿಲ್ಲಿಸಿದರೆ
ನಾಳಿನ ಪುಸ್ತಕ ನನ್ನನ್ನೂ ನಿಲ್ಲಿಸೀತು.

ಸುಟ್ಟ ಜಾಗಕ್ಕೆ ಬಂದೆ.
ಅಲ್ಲಿ ವೈರು ಬೇರೆ.
ಬೆಸುಗೆ ಇಲ್ಲ, ಬರೀ ತಿರುಚು, ಅದೂ ಎಡಕ್ಕೆ.
ಮೇಲೆ ಸೈಕಲ್ ಟ್ಯೂಬಿನ ತುಂಡು, ಕರಗಿದ್ದು.
ಎಡಕ್ಕೆ ತಿರುಚುವವ ಈ ಊರಲ್ಲಿ ಒಬ್ಬನೇ.

ಎಂಬತ್ತೊಂದರ ರಂಜಾನು.
ಪೆರ್ನಾಲಿಗೆ ಮುಂಚೆ ಮರಿಯುಮ್ಮನಿಗೆ ಹೊಲಿಗೆಯ ರಾಶಿ,
ಇಸ್ತ್ರಿಗೆ ಪ್ಲಗ್ಗು ಬೇಕು, ನಾಳೆಯೇ ಬೇಕು.
ಮೇಸ್ತ್ರಿ ಜ್ವರದಲ್ಲಿ. ನನಗೆ ಹದಿನಾಲ್ಕು.
ಲೈಟಿನ ಲೈನಿಗೇ ಕೈ ಹಾಕಿ ಎಳೆದುಬಿಟ್ಟೆ.
ಎರಡು ರೂಪಾಯಿ, ಮಗ್ರಿಬ್ ಆದ ಮೇಲೆ
ಒಂದು ಬಟ್ಟಲು ತರಿಗಂಜಿ.
ಇಸ್ತ್ರಿ ಕಾಯುವಾಗ ದೀಪ ತುಸು ಮಂಕಾಯಿತು.
ನೋಡಿದೆ.
ನೋಡಿ ಮನೆಗೆ ಹೋದೆ.

"ಏನು ಐತಪ್ಪಣ್ಣ, ಆ ಮುದುಕನ ಕೆಲಸವಾ?"
ಏಣಿ ಹಿಡಿದ ಹಂಝ ಕೇಳುತ್ತಾನೆ.
ಬಾಯಲ್ಲಿ ಎರಡು ಮೊಳೆ ಇದ್ದವು, ಒಳ್ಳೆಯ ನೆವ.

ಮಂಚದಿಂದ ಮರಿಯುಮ್ಮ, ಯಾರಿಗೋ ಹೇಳುವ ಹಾಗೆ:
"ದೀಪ ಮಂಕಾಗುವುದು ನನಗೆ ಅಂದೇ ಗೊತ್ತಿತ್ತು.
ಹನ್ನೆರಡು ಕುಪ್ಪಾಯ ಬಾಕಿ ಇತ್ತು, ನಿಲ್ಲಿಸಲಿಲ್ಲ."

ಮೊಳೆ ತೆಗೆದು ಕಿಸೆಗೆ ಹಾಕಿದೆ.
ಮೇಸ್ತ್ರಿಯದ್ದು ಸರಿ ಉಂಟು ಹಂಝ, ಆ ಕಾಲಕ್ಕೆ.
ಇಗೋ ಇದು ಯಾವ ಕಾಲಕ್ಕೂ ಸರಿಯಲ್ಲ.
ಇದು ನನ್ನದು.

ಮೂರು ದಿನ ಹಿಡಿಯಿತು, ಹೊಸ ಪೈಪು, ಹೊಸ ವೈರು,
ಬಾವಿಕಟ್ಟೆಯ ಬಳಿ ಅರ್ಥಿನ ಗುಂಡಿ.
ಆ ಒಂದು ರೀಪು ಚೀಲಕ್ಕೆ ಹಾಕಿಕೊಂಡೆ.
ಕೂಲಿ ಎಷ್ಟು ಎಂದ ಹಂಝ.
ಎಂಬತ್ತೊಂದರಲ್ಲೇ ಸಂದಿದೆ,
ಸಾಮಾನಿನ ದುಡ್ಡು ಮಾತ್ರ ಕೊಡು ಎಂದೆ.